ಬಳ್ಳಾರಿ ರಾಘವ ಮತ್ತು ಸಿನಿಮಾ ಕೇಳದೇ ಬಿಟ್ಟ ಪ್ರಶ್ನೆ

ಕಳೆದ ವರ್ಷದ ಕೊನೆಯಲ್ಲಿ ಬಳ್ಳಾರಿಯ ಒಂದಿಷ್ಟು ಹುಡುಗರು ಸೇರಿ ತಾವು ಮಾಡಿದ ಕಿರುಚಿತ್ರಗಳನ್ನು ತೋರಿಸಿದರು. ಬಾಡಿಗೆಗೆ ತಂದ ಪ್ರೊಜೆಕ್ಟರ್, ಗೋಡೆಗೆ ಕಟ್ಟಿದ ಬಿಳಿ ಬಟ್ಟೆ, ಐವತ್ತು ಪ್ಲಾಸ್ಟಿಕ್ ಕುರ್ಚಿ. ಆರು ಚಿತ್ರಗಳಲ್ಲಿ ಐದಕ್ಕೆ ಚಪ್ಪಾಳೆ ಬಿತ್ತು, ಒಂದಕ್ಕೆ ಬೀಳಲಿಲ್ಲ. ಅದನ್ನು ಮಾಡಿದವನು ಸಿರುಗುಪ್ಪದ ಕಡೆಯ ಹುಡುಗ. ಎಲ್‌ಎಲ್‌ಸಿ ಕಾಲುವೆ ದಂಡೆಯ ಮೇಲೆ ಫೋನ್ ಇಟ್ಟು ಏಳು ನಿಮಿಷ ಬರೀ ನೀರನ್ನು ಚಿತ್ರೀಕರಿಸಿದ್ದ. ಆದರೆ ಕೇಳಿಸುತ್ತಿದ್ದದ್ದು ರೈಸ್ ಮಿಲ್ಲಿನ ಸದ್ದು. ನಾಲ್ಕನೇ ನಿಮಿಷಕ್ಕೆ ಆ ಸದ್ದು ಗಕ್ಕನೆ ನಿಂತಿತು. ನೀರು ಮಾತ್ರ ಹರಿಯುತ್ತಲೇ ಇತ್ತು. ಅಷ್ಟೇ ಸಿನಿಮಾ.

ಜನ ಮಿಸುಕಾಡಿದರು. ಹಿಂದೆ ಯಾರೋ ನಕ್ಕರು. ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ನಿಂತು ಇದರಲ್ಲಿ ಕಥೆ ಎಲ್ಲಿದೆ ಅಂತ ಕೇಳಿದರು. ಹುಡುಗ ಏನೋ ಹೇಳಲು ಹೋಗಿ, ತಡವರಿಸಿ, ಕೂತುಬಿಟ್ಟ. ನಾನೂ ಸುಮ್ಮನೇ ಕೂತಿದ್ದೆ. ಮಿಲ್ಲಿನ ಸದ್ದು ನಿಂತ ಕ್ಷಣ ಕಾಲುವೆಯ ನೀರು ಇದ್ದಕ್ಕಿದ್ದಂತೆ ನಿಧಾನವಾದಂತೆ ನನಗೆ ಕಂಡಿತ್ತು. ನೀರಿನ ವೇಗ ಬದಲಾಗಿರಲಿಲ್ಲ, ನನ್ನ ಕಣ್ಣು ಬದಲಾಗಿತ್ತು. ಇಷ್ಟನ್ನು ಎದ್ದು ಹೇಳಬಹುದಿತ್ತು. ಹೇಳಲಿಲ್ಲ.

ಅವತ್ತು ರಾತ್ರಿ ವಾಪಸ್ ಬರುವಾಗ ರಾಘವ ಕಲಾಮಂದಿರದ ಮುಂದೆ ಹಾದು ಬಂದೆವು. ನನ್ನ ವಯಸ್ಸಿನ ಬಳ್ಳಾರಿಯವರಿಗೆ ರಾಘವ ಅಂದರೆ ಮೊದಲು ನೆನಪಾಗುವುದು ಆ ಕಟ್ಟಡ. ಸ್ಕೂಲ್ ಡೇ, ಸನ್ಮಾನ ಸಮಾರಂಭ, ರಾಜ್ಯೋತ್ಸವದ ಕಾರ್ಯಕ್ರಮ. ಇಂಜಿನಿಯರಿಂಗ್ ಓದುವಾಗ ನಾನೂ ಎಷ್ಟೋ ಸಲ ಆ ಹೆಸರನ್ನು ಓದಿದ್ದೆ, ಆ ಮನುಷ್ಯ ಯಾರು ಅಂತ ವಿಚಾರಿಸಿರಲಿಲ್ಲ. ಪತ್ರಕರ್ತನಾದ ಮೇಲೆ ಹುಡುಕಿಕೊಂಡು ಓದಿದೆ. ಓದುತ್ತಾ ಹೋದಂತೆ ಗೊತ್ತಾಗಿದ್ದು ಇದು: ಆ ಹುಡುಗ ಕಾಲುವೆ ದಂಡೆಯ ಮೇಲೆ ಕೂತು ಕೇಳಿಕೊಂಡ ಪ್ರಶ್ನೆಯನ್ನು ಇದೇ ಊರಿನಲ್ಲಿ ನೂರು ವರ್ಷದ ಹಿಂದೆ ಒಬ್ಬ ವಕೀಲ ಕೇಳಿಕೊಂಡಿದ್ದ. ಅವನು ಕೇಳಿದ್ದು ನಾಟಕದ ಬಗ್ಗೆ. ಆಮೇಲೆ ಅವನ ಎದುರಿಗೆ ಸಿನಿಮಾ ಬಂತು. ಅಲ್ಲಿ ಏನಾಯಿತು ಅನ್ನುವುದೇ ಈ ಬರಹ.

ಎರಡು ಸಭೆಗಳ ಊರು

ತಾಡಪತ್ರಿ ರಾಘವಾಚಾರ್ಯರು ಹುಟ್ಟಿದ್ದು 1880ರ ಆಗಸ್ಟ್ 2ರಂದು, ತಾಡಪತ್ರಿಯಲ್ಲಿ. ಇವತ್ತು ಅದು ಆಂಧ್ರದ ಅನಂತಪುರ ಜಿಲ್ಲೆ. ಆದರೆ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದ್ದು 1882ರಲ್ಲಿ. ಅಂದರೆ ರಾಘವರು ಹುಟ್ಟಿದಾಗ ಆ ಊರು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಅವರು ನಮ್ಮವರೋ ತೆಲುಗರವರೋ ಅಂತ ಈಗಲೂ ಚರ್ಚೆ ಮಾಡುವವರಿಗೆ ಈ ಸಣ್ಣ ಲೆಕ್ಕ ಉಪಯೋಗಕ್ಕೆ ಬರಬಹುದು. ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿಯಲ್ಲಿ ಮನೆಯಲ್ಲೊಂದು, ಬೀದಿಯಲ್ಲೊಂದು, ಕೋರ್ಟಿನಲ್ಲೊಂದು ಭಾಷೆ ಆಡುವುದು ಮಾಮೂಲಿ ಸಂಗತಿಯಾಗಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಅಷ್ಟು ಹೊತ್ತಿಗೆ ರಾಘವರು ತೀರಿಕೊಂಡು ಏಳು ವರ್ಷ ದಾಟಿತ್ತು.

ಅವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು. ತೆಲುಗಿನವರು ಅವರನ್ನು ಆಂಧ್ರ ನಾಟಕ ಪಿತಾಮಹ ಅಂತ ಕರೆಯುತ್ತಾರೆ. ಬಳ್ಳಾರಿಯಲ್ಲಿ ವಕೀಲಿ ಮಾಡುತ್ತಾ ಸರಸ ವಿನೋದಿನಿ ಸಭೆ ಕಟ್ಟಿದವರು ಅವರು. ಸಂಸ್ಕೃತದ ಕಟ್ಟಳೆ ಪ್ರಕಾರ ನಾಟಕ ಸುಖವಾಗಿ ಮುಗಿಯಬೇಕು. ಅವರು ಸಾರಂಗಧರನ ಕಥೆಯನ್ನು ದುಃಖಾಂತ ನಾಟಕವಾಗಿಯೇ ಬರೆದರು. ನಾಟಕದೊಳಗೆ ಹಾಡು, ಪದ್ಯಗಳನ್ನು ಧಾರಾಳವಾಗಿ ತಂದವರೂ ಅವರೇ. ಅದೇ ಊರಿನಲ್ಲಿ ಇನ್ನೊಬ್ಬ ವಕೀಲರು, ಕೋಲಾಚಲಂ ಶ್ರೀನಿವಾಸರಾಯರು, ಸುಮನೋರಮಾ ಸಭೆ ಕಟ್ಟಿದ್ದರು. ಅವರಿಗೆ ಚರಿತ್ರೆಯ ನಾಟಕಗಳ ಹುಚ್ಚು. ಹಂಪಿ ಇಲ್ಲೇ ಪಕ್ಕದಲ್ಲಿರುವಾಗ ವಿಜಯನಗರದ ಪತನದ ಬಗ್ಗೆ ನಾಟಕ ಬರೆಯದೇ ಇರುವುದು ಹೇಗೆ? ಬರೆದರು. ಆ ನಾಟಕದ ಪಠಾಣ ರುಸ್ತುಂ ಪಾತ್ರ ಮುಂದೆ ರಾಘವರಿಗೆ ದೊಡ್ಡ ಹೆಸರು ತಂದಿತು.

ಒಂದು ಜಿಲ್ಲಾ ಕೇಂದ್ರದಲ್ಲಿ ಎರಡು ನಾಟಕ ಸಭೆ, ಎರಡರ ನಡುವೆ ಪೈಪೋಟಿ, ಎರಡಕ್ಕೂ ಓದಿಕೊಂಡ ಪ್ರೇಕ್ಷಕರು. ಸಾಲದು ಅಂತ ಹುಡುಗನಾಗಿದ್ದಾಗಲೇ ರಾಘವ ಷೇಕ್ಸ್‌ಪಿಯರ್ ಕ್ಲಬ್ಬಿನ ನಾಟಕಗಳಲ್ಲೂ ಬಣ್ಣ ಹಚ್ಚಿದರು. ಆಮೇಲೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು, ಅಲ್ಲಿಂದ ಲಾ ಕಾಲೇಜು. 1905ರಲ್ಲಿ ಕಾನೂನು ಪದವಿ ಮುಗಿಸಿ ಬಳ್ಳಾರಿಗೆ ಬಂದು ಕ್ರಿಮಿನಲ್ ವಕೀಲರಾದರು. ವಕೀಲಿ ಚೆನ್ನಾಗಿ ನಡೆಯಿತು. ಪಬ್ಲಿಕ್ ಪ್ರಾಸಿಕ್ಯೂಟರ್ ಆದರು, ರಾವ್ ಬಹಾದೂರ್ ಬಿರುದೂ ಬಂತು. ಹಗಲು ಕೋರ್ಟಿನಲ್ಲಿ ದುಡಿದದ್ದನ್ನು ರಾತ್ರಿ ನಾಟಕಕ್ಕೆ ಸುರಿದರು. ನಾಟಕ ಅವರಿಗೆ ಹೊಟ್ಟೆಪಾಡಾಗಿರಲಿಲ್ಲ. ಟಿಕೆಟ್ ಹೋಗದಿದ್ದರೆ ಊಟಕ್ಕೆ ತೊಂದರೆ ಇಲ್ಲ ಅನ್ನುವ ಸ್ಥಿತಿಯಲ್ಲಿ ಇದ್ದದ್ದರಿಂದಲೇ ಜನಕ್ಕೆ ಇಷ್ಟವಾಗದ್ದನ್ನೂ ಮಾಡಿ ನೋಡುವ ಧೈರ್ಯ ಅವರಿಗೆ ಬಂತು ಅಂತ ನನಗೆ ಅನಿಸುತ್ತದೆ.

ಹಾಡು ಬಿಟ್ಟ ನಟ

ಅವರು ಏನನ್ನು ಬಿಟ್ಟರು ಅಂತ ಗೊತ್ತಾಗಬೇಕಾದರೆ ಆಗಿನ ರಂಗಭೂಮಿ ಹೇಗಿತ್ತು ಅಂತ ಗೊತ್ತಿರಬೇಕು. ನನ್ನ ಅಜ್ಜಿಯ ಊರು ಕುರುಗೋಡು. ಏಕಶಿಲೆಯ ದೊಡ್ಡ ಬಸವೇಶ್ವರ ಇರುವ ಊರು. ಆ ಸೀಮೆಯಲ್ಲಿ ಬಯಲಾಟ ಅಂದರೆ ರಾತ್ರಿಯಿಡೀ. ಕಿರೀಟ, ಭುಜಕೀರ್ತಿ ಹೊತ್ತ ವೇಷಧಾರಿ ಬಂದು ಒಂದು ಹೆಜ್ಜೆ ಹಾಕಿದರೆ ಹಲಗೆಯೆಲ್ಲ ನಡುಗಬೇಕು. ಮೈಕ್ ಇಲ್ಲದ ಕಾಲದಲ್ಲಿ ಹುಟ್ಟಿದ ಕಲೆ ಅದು. ಹಾಗಾಗಿ ಮಾತನ್ನು ಎಳೆಯಬೇಕು, ಪದವನ್ನು ಏರಿಸಬೇಕು, ಕೈಯನ್ನು ದೊಡ್ಡದಾಗಿ ಬೀಸಬೇಕು. ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತವನಿಗೂ ಸಿಟ್ಟು ಸಿಟ್ಟಾಗಿಯೇ ಕಾಣಬೇಕಲ್ಲ. ಆ ಕಲೆಗೆ ಅದರದೇ ಲೆಕ್ಕಾಚಾರ ಇದೆ, ಅದನ್ನು ಕಡಿಮೆ ಅಂತ ನಾನು ಹೇಳುವುದಿಲ್ಲ.

ಪೇಟೆಯ ಪರದೆ ನಾಟಕಗಳು ಗೋಡೆಯೊಳಗೆ ಬಂದರೂ ಈ ಎತ್ತರದ ದನಿಯನ್ನು ಬಿಟ್ಟಿರಲಿಲ್ಲ. ನಟ ಅಂದರೆ ಮೊದಲು ಹಾಡುಗಾರ. ಒಂದು ಪದ್ಯ ಎತ್ತಿಕೊಂಡು ಹತ್ತು ನಿಮಿಷ ಆಲಾಪನೆ. ಜನ ಒನ್ಸ್ ಮೋರ್ ಅಂದರೆ ಮತ್ತೆ ಅದೇ. ಸತ್ತು ಬಿದ್ದವನೂ ಎದ್ದು ಹಾಡಿ ಮತ್ತೆ ಸಾಯುತ್ತಿದ್ದ ಅನ್ನುವುದು ಆ ಕಾಲದ ನಾಟಕಗಳ ಬಗ್ಗೆ ಎಲ್ಲರೂ ಹೇಳುವ ತಮಾಷೆ.

ರಾಘವರು ಇದನ್ನು ಒಂದೊಂದಾಗಿ ತೆಗೆದರು. ರಾಗಾಲಾಪನೆ ತೆಗೆದರು. ಪದ್ಯ ಕಡಿಮೆ ಮಾಡಿ ಗದ್ಯದ ಮಾತಿಗೆ ಒತ್ತು ಕೊಟ್ಟರು. ಮನುಷ್ಯ ನಿಜವಾಗಿ ಸಿಟ್ಟಾದಾಗ, ನಾಚಿದಾಗ, ಹೆದರಿದಾಗ ಹೇಗೆ ಉಸಿರಾಡುತ್ತಾನೆ ಅನ್ನುವುದನ್ನು ರಂಗದ ಮೇಲೆ ತಂದರು. ಮುಖದ ಮೇಲಿನ ಸಣ್ಣ ಬದಲಾವಣೆ, ಎರಡು ಮಾತುಗಳ ನಡುವಿನ ಮೌನ, ಬೇರೆಯವರು ಮಾತಾಡುವಾಗ ಸುಮ್ಮನೆ ನಿಂತು ಕೇಳುವುದು, ಇವೇ ಅವರ ಬಂಡವಾಳ. ಹಾಡು ಕೇಳಲು ಬಂದ ಜನಕ್ಕೆ ಇದು ಮೊದಮೊದಲು ರುಚಿಸಲಿಲ್ಲ. ಹಾಡಲು ಬಾರದವನ ನೆಪ ಅಂತ ಕೆಲವರು ಆಡಿಕೊಂಡರು. ಆದರೆ ಅವರ ದುರ್ಯೋಧನ, ಹರಿಶ್ಚಂದ್ರ, ಹಿರಣ್ಯಕಶಿಪು, ಷಹಜಹಾನ್ ಪಾತ್ರಗಳು ತೆಲುಗು ಸೀಮೆಯಲ್ಲೂ ಬೆಂಗಳೂರಿನಲ್ಲೂ ಮಾತಿನ ವಸ್ತುವಾದವು. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಅವರು ನಟಿಸುತ್ತಿದ್ದರು. ಬೆಂಗಳೂರಿನ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್‌ನ ರಂಗದ ಮೇಲೆ ಅವರ ಕನ್ನಡ ನಾಟಕಗಳು ನಡೆದವು. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಮೈಸೂರು ಸಂಸ್ಥಾನಕ್ಕೆ ಬಂದಿದ್ದಾಗ ರಾಘವರ ದೀನಬಂಧು ಕಬೀರ್ ನಾಟಕ ನೋಡಿದರು. ಮರುವರ್ಷ ರಾಘವರು ಇಂಗ್ಲೆಂಡಿಗೆ ಹೋಗಿ ಅಲ್ಲಿನ ರಂಗಭೂಮಿಯನ್ನು ಕಣ್ಣಾರೆ ಕಂಡು, ಬರ್ನಾರ್ಡ್ ಷಾ ಅವರನ್ನು ಭೇಟಿಯಾಗಿ ಬಂದರು.

ಇನ್ನೊಂದು ದೊಡ್ಡ ಕೆಲಸ, ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕು ಅಂತ ಹಟ ಹಿಡಿದದ್ದು. ಗಂಡಸರು ಸೀರೆ ಉಟ್ಟು ಕುಣಿಯುತ್ತಿದ್ದ ಕಾಲದಲ್ಲಿ ಓದಿದ, ಗೌರವಸ್ಥ ಮನೆತನದ ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತಂದರು. ಕೊಮ್ಮೂರಿ ಪದ್ಮಾವತಿದೇವಿ ಅವರಲ್ಲೊಬ್ಬರು. ಪಿ.ವಿ. ರಾಜಮನ್ನಾರ್ ಬರೆದ ತಪ್ಪೆವರಿದಿ ಅನ್ನುವ ನಾಟಕ ಆಡಿದರು. ತಪ್ಪು ಯಾರದು ಅಂತ ಅದರ ಅರ್ಥ. ಕಿರೀಟ ಇಲ್ಲ, ದೇವರು ಇಲ್ಲ, ಮನೆಯೊಳಗಿನ ಗಂಡ ಹೆಂಡತಿಯ ಮಾತು. ಈ ರಾಜಮನ್ನಾರ್ ಮುಂದೆ ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು, ಸಂಗೀತ ನಾಟಕ ಅಕಾಡೆಮಿಯ ಮೊದಲ ಅಧ್ಯಕ್ಷರೂ ಆದರು.

ಇದನ್ನೆಲ್ಲ ಒಂದೇ ಪ್ರಶ್ನೆಗೆ ಇಳಿಸಬಹುದು. ಹಾಡು ಕಚೇರಿಯಲ್ಲೂ ಸಿಗುತ್ತದೆ, ಕಥೆ ಪುರಾಣದಲ್ಲೂ ಸಿಗುತ್ತದೆ. ಹಾಗಾದರೆ ನಾಟಕದಲ್ಲಿ ಮಾತ್ರ ಸಿಗುವಂಥದ್ದು ಏನು?

ಬೇರೆ ಊರುಗಳಲ್ಲಿ ಅದೇ ಪ್ರಶ್ನೆ

ರಾಘವರು ಬಳ್ಳಾರಿಯಲ್ಲಿ ಈ ಕೆಲಸ ಮಾಡುತ್ತಿದ್ದ ಹೊತ್ತಿಗೇ ರಷ್ಯಾದಲ್ಲಿ ಕೆಲವರು ಸಿನಿಮಾಕ್ಕೆ ಇದೇ ಪ್ರಶ್ನೆ ಹಾಕುತ್ತಿದ್ದರು. ಲೆವ್ ಕುಲೆಶೋವ್ ಅನ್ನುವವರು ಒಬ್ಬ ನಟನ ಭಾವವಿಲ್ಲದ ಮುಖದ ತುಣುಕನ್ನು ತೆಗೆದುಕೊಂಡು, ಅದರ ಪಕ್ಕಕ್ಕೆ ಒಮ್ಮೆ ಊಟದ ಬಟ್ಟಲು, ಇನ್ನೊಮ್ಮೆ ಹೆಣ ಅಂಟಿಸಿದರು. ನೋಡಿದವರು ನಟ ಹಸಿವನ್ನೂ ದುಃಖವನ್ನೂ ಎಷ್ಟು ಚೆನ್ನಾಗಿ ತೋರಿಸಿದ್ದಾನೆ ಅಂತ ಮೆಚ್ಚಿಕೊಂಡರಂತೆ. ಮುಖ ಒಂದೇ, ಪಕ್ಕದ ಚಿತ್ರ ಬೇರೆ. 1929ರಲ್ಲಿ ಜಿಗಾ ವೆರ್ಟೋವ್ ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ ಮಾಡಿದರು. ಅದರಲ್ಲಿ ಕಥೆ ಇಲ್ಲ, ನಟರಿಲ್ಲ. ನಗರ ಇದೆ, ನಗರವನ್ನು ಚಿತ್ರೀಕರಿಸುವ ಕ್ಯಾಮೆರಾಮನ್ ಇದ್ದಾನೆ, ರೀಲು ಕತ್ತರಿಸಿ ಜೋಡಿಸುವ ಹೆಣ್ಣುಮಗಳ ಕೈಯೂ ಕಾಣುತ್ತದೆ. ಸಿನಿಮಾ ತಾನು ಹೇಗೆ ತಯಾರಾಗುತ್ತೇನೆ ಅನ್ನುವುದನ್ನು ತಾನೇ ತೋರಿಸಿದ ಸಿನಿಮಾ ಅದು.

ಆಮೇಲೆ ಬಂದವರು ಇನ್ನೂ ಮುಂದೆ ಹೋದರು. ಆಸ್ಟ್ರಿಯಾದ ಪೀಟರ್ ಕುಬೆಲ್ಕಾ 1960ರಲ್ಲಿ ಬರೀ ಕಪ್ಪು ಮತ್ತು ಬಿಳಿ ಚೌಕಟ್ಟುಗಳಿಂದ, ಸದ್ದು ಮತ್ತು ನಿಶ್ಶಬ್ದದಿಂದ ಒಂದು ಚಿತ್ರ ಮಾಡಿದರು. ಅಮೆರಿಕದ ಸ್ಟ್ಯಾನ್ ಬ್ರಾಕೇಜ್ 1963ರಲ್ಲಿ ಕ್ಯಾಮೆರಾವನ್ನೇ ಬಿಟ್ಟು, ಸತ್ತ ಪತಂಗಗಳ ರೆಕ್ಕೆ, ಎಲೆಗಳನ್ನು ನೇರವಾಗಿ ಪಟ್ಟಿಗೆ ಅಂಟಿಸಿ ಬೆಳಕು ಹಾಯಿಸಿದರು. 1967ರಲ್ಲಿ ಮೈಕೆಲ್ ಸ್ನೋ 45 ನಿಮಿಷ ಒಂದೇ ಕೋಣೆಯನ್ನು ತೋರಿಸಿದರು. ಚೌಕಟ್ಟು ನಿಧಾನವಾಗಿ ಕಿರಿದಾಗುತ್ತಾ ಎದುರಿನ ಗೋಡೆಯ ಮೇಲಿನ ಅಲೆಗಳ ಫೋಟೋಗೆ ಬಂದು ಮುಟ್ಟುತ್ತದೆ. ನಮ್ಮಲ್ಲಿ ಮಣಿ ಕೌಲ್ 1970ರಲ್ಲಿ ಉಸ್ಕೀ ರೋಟಿ ಮಾಡಿ, ಗಂಡನಿಗೆ ರೊಟ್ಟಿ ಹಿಡಿದು ರಸ್ತೆ ಬದಿ ಕಾಯುವ ಹೆಂಗಸಿನ ಕಾಯುವಿಕೆಯನ್ನೇ ಸಿನಿಮಾ ಮಾಡಿದರು.

ಮೊದಲ ಸಲ ಇಂಥವನ್ನು ನೋಡಿದಾಗ ನನಗೂ ಸಿಟ್ಟು ಬಂದಿತ್ತು. ಇಂಜಿನಿಯರ್ ಬುದ್ಧಿ ನನ್ನನ್ನು ಉಳಿಸಿತು. ಮಷಿನ್ ಅರ್ಥವಾಗಬೇಕಾದರೆ ಬಿಚ್ಚಬೇಕು. ಸಿನಿಮಾ ಅಂದರೆ ಸೆಕೆಂಡಿಗೆ 24 ನಿಂತ ಚಿತ್ರಗಳು. ಒಂದು ಚಿತ್ರ ಸರಿದು ಇನ್ನೊಂದು ಬರುವ ಹೊತ್ತಿಗೆ ಪ್ರೊಜೆಕ್ಟರಿನ ಶಟರ್ ಬೆಳಕನ್ನು ತಡೆಯುತ್ತದೆ. ರೀಲಿನ ಕಾಲದಲ್ಲಿ ಎರಡು ಗಂಟೆಯ ಸಿನಿಮಾಕ್ಕೆ ಕೂತರೆ ಸುಮಾರು ಅರ್ಧದಷ್ಟು ಹೊತ್ತು ಪರದೆ ಕತ್ತಲಾಗಿಯೇ ಇರುತ್ತಿತ್ತು, ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ ಅಷ್ಟೇ. ಈ ಬೆಳಕು, ಕತ್ತಲೆ, ಹೊತ್ತು, ಅಂಟಿಸುವಿಕೆ, ಸದ್ದು, ಇವೇ ಸಿನಿಮಾದ ಬಿಡಿಭಾಗ. ಪ್ರಯೋಗ ಮಾಡುವವರು ಒಂದೊಂದನ್ನೇ ಬಿಚ್ಚಿ ಕೈಯಲ್ಲಿ ಹಿಡಿದು ನೋಡುತ್ತಾರೆ.

ಇದು ನಮ್ಮ ಜನಕ್ಕೆ ಅಷ್ಟೇನೂ ಹೊಸದಲ್ಲ. ಬಳ್ಳಾರಿ ಸೀಮೆಯ ತೊಗಲುಗೊಂಬೆಯವರು ಪರದೆಯ ಹಿಂದೆ ದೀಪ ಇಟ್ಟು, ಬಣ್ಣ ಹಾಕಿದ ತೊಗಲಿನ ಮೂಲಕ ಬೆಳಕು ಹಾಯಿಸಿ ರಾಮಾಯಣ ಆಡಿಸಿದವರು. ಬೆಳಗಲ್ಲು ವೀರಣ್ಣನವರು ಅದೇ ಪರದೆಯ ಮೇಲೆ ಗಾಂಧಿಯನ್ನೂ ತಂದರು. ಬ್ರಾಕೇಜ್ ಪತಂಗದ ರೆಕ್ಕೆಗೆ ಬೆಳಕು ಹಾಯಿಸಿದ್ದನ್ನು ಹೇಳಿದರೆ ಅವರ ಮನೆತನದವರು ಯಾರೂ ಗಾಬರಿಯಾಗಲಿಕ್ಕಿಲ್ಲ.

ಮೂರು ಸಿನಿಮಾ

ಈಗ ರಾಘವರಿಗೆ ವಾಪಸ್ ಬರೋಣ. ಭಾರತದ ಮೊದಲ ಟಾಕಿ ಆಲಂ ಆರಾ ಬಂದದ್ದು 1931ರಲ್ಲಿ. ಕನ್ನಡದ ಸತಿ ಸುಲೋಚನ 1934ರಲ್ಲಿ. ಮಾತು ಬಂದದ್ದೇ ತಡ, ಸಿನಿಮಾದವರು ನಾಟಕದ ಕಂಪನಿಗಳ ಬಾಗಿಲಿಗೆ ಬಂದರು. ಅವರಿಗೆ ಬೇಕಾದದ್ದು ಪೌರಾಣಿಕ ಕಥೆ ಮತ್ತು ಹಾಡು. 1932ರ ಇಂದ್ರಸಭಾ ಚಿತ್ರವೊಂದರಲ್ಲೇ ಸುಮಾರು 70 ಹಾಡುಗಳಿದ್ದವು ಅಂದರೆ ಲೆಕ್ಕ ಹಾಕಿ. ಹಿನ್ನೆಲೆ ಗಾಯನ ಆಗಷ್ಟೇ ಕಣ್ಣು ಬಿಡುತ್ತಿತ್ತು. ಹಾಗಾಗಿ ಹೆಚ್ಚಿನ ಚಿತ್ರಗಳಲ್ಲಿ ನಟಿಸುವವರೇ ಕ್ಯಾಮೆರಾ ಮುಂದೆ ಹಾಡಬೇಕಿತ್ತು.

ವಿಚಿತ್ರ ನೋಡಿ. ರಾಘವರು ನಾಟಕದಿಂದ ಯಾವುದನ್ನು ಕಷ್ಟಪಟ್ಟು ಹೊರಗೆ ಹಾಕಿದ್ದರೋ ಅದನ್ನೇ ಸಿನಿಮಾ ಒಳಗೆ ಕರೆದು ಪೀಠ ಹಾಕಿ ಕೂರಿಸಿತ್ತು. ಅವರು ಕಂಡುಕೊಂಡ ಸಣ್ಣ ದನಿ, ಮುಖದ ಮೇಲಿನ ಸಣ್ಣ ಅಲುಗಾಟ, ಮೌನ, ಇವು ಕ್ಯಾಮೆರಾ ಮತ್ತು ಮೈಕಿಗೆ ಹೇಳಿ ಮಾಡಿಸಿದಂಥವು. ಹತ್ತನೇ ಸಾಲಿನವನಿಗೆ ಕಾಣದ ಹುಬ್ಬಿನ ಚಲನೆಯನ್ನು ಕ್ಲೋಸಪ್ ಊರಿಗೆಲ್ಲ ತೋರಿಸಬಲ್ಲದು. ಆದರೆ ಆಗಿನ ನಮ್ಮ ಟಾಕಿಗಳು ಬಹುಪಾಲು ಕ್ಯಾಮೆರಾವನ್ನು ನಾಟಕ ನೋಡಲು ಬಂದ ಪ್ರೇಕ್ಷಕನಂತೆ ಎದುರಿಗೆ ನಿಲ್ಲಿಸಿ, ನಾಟಕವನ್ನೇ ಚಿತ್ರೀಕರಿಸಿಕೊಂಡವು.

1936ರಲ್ಲಿ ದ್ರೌಪದಿ ಮಾನಸಂರಕ್ಷಣಂ ಅನ್ನುವ ತೆಲುಗು ಚಿತ್ರದಲ್ಲಿ ರಾಘವರು ದುರ್ಯೋಧನನಾದರು. ಆಗ ಅವರಿಗೆ 55 ದಾಟಿತ್ತು. ಅದೇ ವರ್ಷ ಅದೇ ಕಥೆಯ ಮೇಲೆ ದ್ರೌಪದಿ ವಸ್ತ್ರಾಪಹರಣಂ ಅನ್ನುವ ಪೈಪೋಟಿ ಚಿತ್ರವೂ ಬಂತು. ಅದರಲ್ಲಿ ಯಡವಲ್ಲಿ ಸೂರ್ಯನಾರಾಯಣ ದುರ್ಯೋಧನ, ಕಣ್ಣಾಂಬ ದ್ರೌಪದಿ. ಜನ ಆ ಚಿತ್ರವನ್ನು ಗೆಲ್ಲಿಸಿದರು, ರಾಘವರದ್ದು ಸೋತಿತು. ರಂಗದ ಮೇಲೆ ಅಷ್ಟು ಹೆಸರು ಮಾಡಿದ ದುರ್ಯೋಧನ ಪರದೆಯ ಮೇಲೆ ನಿಲ್ಲಲಿಲ್ಲ.

ಕಾರಣ ಜನರ ರುಚಿ ಒಂದೇ ಅಲ್ಲ. ನಾಟಕದಲ್ಲಿ ರಾಘವರು ಪಾತ್ರವನ್ನು ಮೂರು ಗಂಟೆ ಬಿಡದೆ ಕಟ್ಟುತ್ತಿದ್ದರು. ಮೊದಲ ದೃಶ್ಯದ ಹಮ್ಮು ಕೊನೆಯ ದೃಶ್ಯದ ಸೋಲಿಗೆ ಮೆಟ್ಟಿಲಾಗಬೇಕು. ಸ್ಟುಡಿಯೋದಲ್ಲಿ ಹಾಗಿಲ್ಲ. 1,000 ಅಡಿಯ ಒಂದು ರೀಲು ಓಡುವುದು 11 ನಿಮಿಷ. ಆ 11 ನಿಮಿಷವನ್ನೂ ತುಂಡು ತುಂಡಾಗಿ, ಹಿಂದು ಮುಂದಾಗಿ ತೆಗೆಯುತ್ತಾರೆ. ಸೋಲು ಬೆಳಿಗ್ಗೆ, ಹಮ್ಮು ಮಧ್ಯಾಹ್ನ. ಜೋಡಿಸುವವನು ಬೇರೊಬ್ಬ. ಕುಲೆಶೋವ್ ತೋರಿಸಿಕೊಟ್ಟದ್ದೂ ಇದನ್ನೇ. ಸಿನಿಮಾದಲ್ಲಿ ನಟನ ಮುಖದ ಅರ್ಥ ನಟನ ಕೈಯಲ್ಲಿ ಪೂರ್ತಿ ಇರುವುದಿಲ್ಲ, ಕತ್ತರಿ ಹಿಡಿದವನ ಕೈಗೂ ಹೋಗುತ್ತದೆ. ನಲವತ್ತು ವರ್ಷ ತನ್ನ ಪಾತ್ರಕ್ಕೆ ತಾನೇ ಯಜಮಾನನಾಗಿದ್ದ ನಟನಿಗೆ ಇದು ಸುಲಭದ ಮಾತಲ್ಲ.

ಎರಡನೆಯದು 1939ರ ರೈತು ಬಿಡ್ಡ, ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶನ. ನನ್ನ ಪ್ರಕಾರ ರಾಘವರೂ ಸಿನಿಮಾವೂ ಒಬ್ಬರಿಗೊಬ್ಬರು ಅತಿ ಹತ್ತಿರ ಬಂದದ್ದು ಇಲ್ಲೇ. ಪುರಾಣ ಬಿಟ್ಟು ಜಮೀನ್ದಾರಿ ಮತ್ತು ಸಾಲದ ಕೆಳಗೆ ನಲುಗುವ ರೈತರ ಕಥೆ. ರಾಘವರು ಒತ್ತಡಕ್ಕೆ ಮಣಿಯದ ರೈತ ನರಸಿರೆಡ್ಡಿ. ತಲೆಯ ಮೇಲೆ ಕಿರೀಟ ಇಲ್ಲ. ರಾವ್ ಬಹಾದೂರ್ ಬಿರುದಿನ ಸರ್ಕಾರಿ ವಕೀಲ ಜಮೀನ್ದಾರರ ವಿರುದ್ಧದ ಚಿತ್ರದಲ್ಲಿ ರೈತನಾಗಿ ನಿಂತದ್ದೇ ಒಂದು ಸುದ್ದಿ. ದೊಡ್ಡ ಜಮೀನ್ದಾರರು ಸಿಟ್ಟಿಗೆದ್ದರು, ಚಿತ್ರ ಕೆಲವು ಕಡೆ ನಿಷೇಧಕ್ಕೂ ಒಳಗಾಯಿತು. ಪರದೆಯ ಮೇಲಿನ ಮುಖ ನಾಟಕದ ಮುಖಕ್ಕಿಂತ ಹೆಚ್ಚು ಊರು ಮುಟ್ಟುತ್ತದೆ ಅನ್ನುವುದು ಜಮೀನ್ದಾರರಿಗೆ ಬೇಗ ಅರ್ಥವಾಗಿತ್ತು.

ಮೂರನೆಯದು 1940ರ ಚಂಡಿಕ, ಕಣ್ಣಾಂಬ ಜೊತೆ. ಮತ್ತೆ ರಾಜರ, ಕತ್ತಿಯ ಕಥೆ. ಅಲ್ಲಿಗೆ ಮುಗಿಯಿತು. ಸಿನಿಮಾದ ವಾತಾವರಣ ರಾಘವರಿಗೆ ಒಗ್ಗಲಿಲ್ಲ, ಅವರು ಅದರ ಹಿಂದೆ ಹೋಗಲೂ ಇಲ್ಲ. 1946ರ ಏಪ್ರಿಲ್ 16ರಂದು ತೀರಿಕೊಂಡರು. ಆಮೇಲೆ ಅವರ ಹೆಸರಿನಲ್ಲಿ ಸಂಘ, ಕಲಾಮಂದಿರ, ಪ್ರಶಸ್ತಿ, ಅಂಚೆಚೀಟಿ ಎಲ್ಲ ಬಂದವು. ಆದರೆ ನಾಟಕ ಆಡಿದ ರಾತ್ರಿಗೇ ಮುಗಿದುಹೋಗುತ್ತದೆ. ನೋಡಿದವರ ನೆನಪಿನಲ್ಲಿ ಅವರ ನಟನೆ ಉಳಿದಿತ್ತು, ಆ ನೆನಪು ಇಟ್ಟುಕೊಂಡವರೂ ಒಬ್ಬೊಬ್ಬರಾಗಿ ಹೋದರು.

ತಪ್ಪು ಯಾರದು

ಈ ಕಥೆಯನ್ನು ಮೊದಲು ಓದಿದಾಗ ನಾನು ತಪ್ಪನ್ನು ಪೂರ್ತಿ ಸಿನಿಮಾದ ಮೇಲೆ ಹಾಕಿದ್ದೆ. ದೊಡ್ಡ ನಟ, ದಡ್ಡ ಉದ್ಯಮ. ಬರೆಯಲೂ ಸುಲಭ, ಓದಲೂ ಸುಲಭ. ಈಗ ಹಾಗನಿಸುವುದಿಲ್ಲ.

ರಾಘವರು ನಾಟಕವನ್ನು ಬಿಚ್ಚಿ ನೋಡಿದರು ಅಂದೆನಲ್ಲ, ಅದಕ್ಕೆ ಅವರು ಹುಡುಗನಾಗಿದ್ದಾಗಿನಿಂದ ಅದರೊಳಗೇ ಇದ್ದರು. ನಾಟಕ ಆರಿಸುವುದು, ತಿದ್ದುವುದು, ತಾಲೀಮು ಮಾಡಿಸುವುದು, ದುಡ್ಡು ಹಾಕುವುದು ಎಲ್ಲ ಅವರ ಕೈಯಲ್ಲಿತ್ತು. ಸಿನಿಮಾಕ್ಕೆ ಅವರು ಕರೆದಾಗ ಹೋದ ನಟ ಮಾತ್ರ. ಕ್ಯಾಮೆರಾ ಎಲ್ಲಿ ನಿಲ್ಲಬೇಕು, ತುಂಡುಗಳನ್ನು ಹೇಗೆ ಜೋಡಿಸಬೇಕು ಅನ್ನುವುದರಲ್ಲಿ ಅವರ ಕೈ ಆಡಲಿಲ್ಲ. ವೆರ್ಟೋವ್ ಆಗಲಿ ಬ್ರಾಕೇಜ್ ಆಗಲಿ ರೀಲನ್ನು ಕೈಯಲ್ಲಿ ಹಿಡಿದು ಕಲಿತವರು. ನಾಟಕಕ್ಕೆ ಹಾಕಿದ ಪ್ರಶ್ನೆಯನ್ನು ಸಿನಿಮಾಕ್ಕೂ ಹಾಕಲು ರಾಘವರಿಗೆ ವಯಸ್ಸೂ ಇರಲಿಲ್ಲ, ಉಪಕರಣವೂ ಇರಲಿಲ್ಲ. ಮನಸ್ಸೂ ಅಷ್ಟಾಗಿ ಇರಲಿಲ್ಲ ಅಂತ ಕಾಣುತ್ತದೆ. ಸಿನಿಮಾ ಕೇಳದೇ ಬಿಟ್ಟ ಪ್ರಶ್ನೆಯನ್ನು ರಾಘವರೂ ಸಿನಿಮಾದ ಮಟ್ಟಿಗೆ ಕೇಳದೇ ಬಿಟ್ಟರು.

ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ರಾಘವರ ನಾಟಕದ ಪ್ರಯೋಗ ಗೆದ್ದದ್ದು ಅವರೊಬ್ಬರ ಪ್ರತಿಭೆಯಿಂದಲೇ ಅಲ್ಲ. ಬಳ್ಳಾರಿಯಲ್ಲಿ ಸಭೆಗಳಿದ್ದವು. ಒಂದು ಸಭೆಯ ನಾಟಕವನ್ನು ಇನ್ನೊಂದು ಸಭೆಯವರು ಬಂದು ನೋಡಿ, ಜಗಳವಾಡಿ, ತಮ್ಮದನ್ನು ಇನ್ನೂ ಚೆನ್ನಾಗಿ ಮಾಡುತ್ತಿದ್ದರು. ಹಾಡು ಯಾಕೆ ಬಿಟ್ಟಿರಿ ಅಂತ ಮುಖಕ್ಕೆ ಕೇಳುವ ಜನರಿದ್ದರು, ಮುಂದಿನ ನಾಟಕಕ್ಕೂ ಅವರೇ ಬರುತ್ತಿದ್ದರು. ಹೊಸದನ್ನು ಮಾಡುವವನ ಎದುರಿಗೆ ಹೊಸದನ್ನು ನೋಡುವವನೂ ಬೆಳೆಯಬೇಕು. ರಂಗದಲ್ಲಿ ಆ ಎರಡೂ ಜೊತೆಗೇ ಬೆಳೆದವು. ಸಿನಿಮಾದಲ್ಲಿ ಅಂಥ ಸಭೆ ಅವರಿಗೆ ಸಿಗಲಿಲ್ಲ. ಗಲ್ಲಾಪೆಟ್ಟಿಗೆ ಮಾತ್ರ ಇತ್ತು, ಅದು ಒಂದೇ ವಾರದಲ್ಲಿ ತೀರ್ಪು ಹೇಳಿ ಎದ್ದುಹೋಗುತ್ತದೆ.

ಈಗ ಪರಿಸ್ಥಿತಿ ತಿರುಗಿದೆ. ರಾಘವರ ಕೈಗೆ ಎಂದೂ ಬಾರದ ಕ್ಯಾಮೆರಾ ಸಿರುಗುಪ್ಪದ ಹುಡುಗನ ಜೇಬಿನಲ್ಲಿದೆ. ರೀಲಿನ ಖರ್ಚಿಲ್ಲ, ಸ್ಟುಡಿಯೋ ಬೇಡ, ಕತ್ತರಿಯೂ ಅದೇ ಫೋನಿನಲ್ಲಿ. ಆದರೆ ರಾಘವರಿಗೆ ಸಿಕ್ಕಿದ್ದ ಸಭೆ ಅವನಿಗೆ ಸಿಕ್ಕಿಲ್ಲ. ಅವತ್ತು ಕಥೆ ಎಲ್ಲಿದೆ ಅಂತ ಕೇಳಿದ ಹಿರಿಯರ ತಪ್ಪೇನಿಲ್ಲ. ಅವರು ಕಂಡದ್ದನ್ನು ಕೇಳಿದರು, ಕೊನೆಯವರೆಗೆ ಕೂತು ನೋಡಿಯೂ ಇದ್ದರು. ತಪ್ಪು ಮಾಡಿದವನು ನಾನು. ನನಗೆ ಏನೋ ಕಂಡಿತ್ತು, ಅದನ್ನು ಹೇಳದೇ ಎದ್ದು ಬಂದೆ. ಇಂಥ ಸಿನಿಮಾಗಳ ಬಗ್ಗೆ ವಿದೇಶದ ಹೆಸರು ಹೇಳಿ ಬರೆಯುವುದು ನನಗೆ ಸುಲಭ. ಪಕ್ಕದ ಕುರ್ಚಿಯ ಹುಡುಗನಿಗೆ, ನಾಲ್ಕನೇ ನಿಮಿಷದಲ್ಲಿ ನೀರು ನಿಧಾನವಾಯಿತು ಮಾರಾಯ ಅಂತ ಹೇಳುವುದು ಕಷ್ಟವಾಯಿತು.

ಈ ಬರಹ ಶುರು ಮಾಡುವ ಮೊದಲು ಅವನ ನಂಬರ್ ಹುಡುಕಿ ಫೋನ್ ಮಾಡಿದೆ. ಮದುವೆ ಸೀಸನ್ ಅಂತ ಈಗ ವಿಡಿಯೋ ತೆಗೆಯಲು ಹೋಗುತ್ತಿದ್ದಾನೆ. ನನಗೆ ಕಂಡದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಿಲ್ಲಿನ ಸದ್ದನ್ನು ಬೇರೆ ದಿನ ರೆಕಾರ್ಡ್ ಮಾಡುವಾಗ ಕರೆಂಟ್ ಹೋಗಿತ್ತು, ಅದಕ್ಕೇ ನಿಂತದ್ದು ಅಂತ ಹೇಳಿದ. ಮನೆಗೆ ಬಂದು ಆ ತುಂಡನ್ನು ಕತ್ತರಿಸಲು ಹೊರಟವನು, ನೀರಿನ ಜೊತೆ ಇಟ್ಟು ನೋಡಿ ಕತ್ತರಿಸದೇ ಬಿಟ್ಟನಂತೆ. ಯಾಕೆ ಬಿಟ್ಟೆ ಅಂತ ಕೇಳಿದರೆ ಅವನಿಗೂ ಸರಿಯಾಗಿ ಗೊತ್ತಿಲ್ಲ. ಏನೋ ಆಗುತ್ತಿದೆ ಅನಿಸಿತಂತೆ.

ಮಳೆಗಾಲಕ್ಕೆ ಮುಂಚೆ ಇನ್ನೊಂದು ಸಲ ಎಲ್ಲರೂ ಸೇರೋಣ ಅಂತ ಮಾತಾಗಿದೆ, ಈ ಸಲ ಕುರುಗೋಡಿನಲ್ಲಿ. ಅವತ್ತು ಪ್ರಶ್ನೆ ಕೇಳಿದ ಹಿರಿಯರನ್ನೂ ಕರೆದಿದ್ದೇವೆ, ಬರುತ್ತೇನೆ ಅಂದಿದ್ದಾರೆ.